ನಾಚ್ ಫಿಲ್ಟರ್ ಕಿಟ್‌ಗಿಂತ ಸೌಂಡ್ ಕಾರ್ಡ್ ವಾಸಿ

ಧ್ವನಿ ಚಾನೆಲ್‌ನ ವಿರೂಪವನ್ನು, ಅಂದರೆ ಸಾಗುವಾಗ ಸಂಕೇತದ ರೂಪ ಕೆಡುವುದನ್ನು, ಅಳೆಯಲು ಟ್ವಿನ್-ಟಿ ನಾಚ್ ಫಿಲ್ಟರ್ (ಒಂದೇ ಆವರ್ತನವನ್ನು ಅಳಿಸುವ ಸರ್ಕ್ಯೂಟ್) ಕಿಟ್ ಕೊಂಡೆ. ಅದರ ಕಾಟ ತಾಳಲಾರದೆ ಯುಎಸ್‌ಬಿ ಸೌಂಡ್ ಕಾರ್ಡ್ ತಂದೆ. ಈಗ ಕಾರ್ಡೇ ಸಾಕು ಎನ್ನಿಸಿದೆ.

ನಾಚ್‌ನ ತತ್ವವೇನೋ ಸೊಗಸು. 1000 ಹರ್ಟ್ಸ್‌ನ ಶುದ್ಧ ಸ್ವರವನ್ನು ಚಾನೆಲ್‌ಗೆ ಕೊಡುವುದು, ಹೊರಬಂದ ಸಂಕೇತದಿಂದ ಆ ಸ್ವರವನ್ನು ಅಳಿಸುವುದು, ಉಳಿದದ್ದನ್ನು ಮೀಟರಿನಲ್ಲಿ ಓದುವುದು. ಪೀಕಲಾಟವಿರುವುದು ಅಳಿಸುವಲ್ಲಿ. ಒಂದು ಪೊಟೆನ್ಷಿಯೋಮೀಟರ್ ತಿರುಗಿಸಿ ಮುಳ್ಳನ್ನು ಇಳಿಸಿ ಇನ್ನೊಂದಕ್ಕೆ ಕೈಹಾಕುವಷ್ಟರಲ್ಲಿ ಮೊದಲನೆಯದು ಹದ ತಪ್ಪಿರುತ್ತದೆ. ಸ್ವರ ಹುಟ್ಟಿಸುವ ಆಸಿಲೇಟರ್ ಬರಿಯ 10 ಹರ್ಟ್ಸ್ ಸರಿದರೂ ಮೂಲ ಸ್ವರದ ಸುಮಾರು ಶೇ. 0.5ರಷ್ಟು ನುಸುಳಿಬಿಡುತ್ತದೆ. ನಾನು ಹುಡುಕುತ್ತಿದ್ದ ವಿರೂಪವೋ ಶೇ. 0.1!

ವಿರೂಪ ಹುಟ್ಟಿಸುವ, ಮೂಲ ಸ್ವರದ ಎರಡರಷ್ಟು, ಮೂರರಷ್ಟು ಆವರ್ತನದ ಸ್ವರಗಳೇ ಹಾರ್ಮಾನಿಕ್‌ಗಳು. ಸಾದಾ ಟ್ವಿನ್-ಟಿ ಎರಡನೆಯ ಹಾರ್ಮಾನಿಕ್ಕನ್ನೂ 9 ಡೆಸಿಬೆಲ್‌ನಷ್ಟು ತಗ್ಗಿಸುವುದರಿಂದ ಆಪ್ ಆಂಪ್ (ವರ್ಧಕ ಚಿಪ್) ಮೂಲಕ ಫೀಡ್‌ಬ್ಯಾಕ್ ಕೊಡಲೇಬೇಕು. ಕೊಟ್ಟರೆ ನಾಚ್ ಕಿರಿದಾಗಿ, ಹೊಂದಿಸುವ ಕೆಲಸ ಇನ್ನೂ ಕಠಿಣವಾಗುತ್ತದೆ. ಸಾಲದ್ದಕ್ಕೆ ಕಿಟ್‌ನಲ್ಲಿ ಬಂದದ್ದು ಎಕ್ಸ್‌7ಆರ್ ಸೆರಾಮಿಕ್ ಕೆಪಾಸಿಟರ್‌ಗಳು. ವೋಲ್ಟೇಜ್ ಬದಲಾದಂತೆ ಇವುಗಳ ಧಾರಕತೆಯೂ ಬದಲಾಗಿ ತಾವೇ ವಿರೂಪ ಹುಟ್ಟಿಸುತ್ತವೆ. ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತೆ. ಪಾಲಿಪ್ರೊಪಿಲೀನ್ ಹಾಕಿದ ಮೇಲೆ ಇದು ಸರಿಹೋಯಿತು, ತಿರುಗಿಸುವ ಕರ್ಮ ತಪ್ಪಲಿಲ್ಲ.

ಕಾರ್ಡ್‌ನಲ್ಲಿ ಸ್ವರ ಹೊರಡುವುದೂ ಅಳೆಯುವುದೂ ಒಂದೇ ಗಡಿಯಾರದ ಮೇಲೆ. ಸೆಕೆಂಡಿಗೆ 48,000 ಮಾದರಿ ತೆಗೆದು ಅಷ್ಟೇ ಬಿಂದುಗಳ ಎಫ್‌ಎಫ್‌ಟಿ (ಸಂಕೇತವನ್ನು ಆವರ್ತನದ ಮನೆಗಳಾಗಿ ವಿಂಗಡಿಸುವ ಲೆಕ್ಕ) ಮಾಡಿದರೆ ಪ್ರತಿ ಮನೆ 1 ಹರ್ಟ್ಸ್ ಅಗಲ. 1000 ಹರ್ಟ್ಸ್ ತನ್ನ ಮನೆಯಲ್ಲೇ ಕೂರುತ್ತದೆ, ಹೊಂದಿಸುವುದೇನೂ ಇಲ್ಲ. ನಾಚ್ ಮೀಟರ್ ಗೊರಗೊರ, ಗದ್ದಲ, ಹಾರ್ಮಾನಿಕ್ ಎಲ್ಲವನ್ನೂ ಒಟ್ಟುಗೂಡಿಸಿ ಒಂದೇ ಅಂಕಿ ತೋರಿಸಿದರೆ, ಇಲ್ಲಿ ಒಂದೊಂದೂ ಬೇರೆಯಾಗಿ ಕಾಣುತ್ತದೆ. ಔಟ್‌ಪುಟ್ಟನ್ನು ನೇರ ಇನ್‌ಪುಟ್‌ಗೆ ಜೋಡಿಸಿ ಕಾರ್ಡ್‌ನ ಸ್ವಂತ ವಿರೂಪವನ್ನು ಮೊದಲೇ ನೋಡಿಕೊಳ್ಳಬೇಕು, ಅಷ್ಟೆ.

ನನ್ನ ಮಟ್ಟಿಗೆ ನಿರ್ಣಾಯಕವಾದದ್ದು ಬೇರೆ. ದೂರವಾಣಿ ಚಾನೆಲ್ 300ರಿಂದ 3400 ಹರ್ಟ್ಸ್‌ನವರೆಗೆ ಮಾತ್ರ ಸಾಗಿಸುತ್ತದೆ. 2000 ಹರ್ಟ್ಸ್ ಕೊಟ್ಟರೆ ಹಾರ್ಮಾನಿಕ್‌ಗಳೆಲ್ಲ ಆಚೆಗೆ ಬಿದ್ದು ಚಾನೆಲ್ ನಿಷ್ಕಳಂಕವಾಗಿ ಕಾಣುತ್ತದೆ. 1000 ಮತ್ತು 1400 ಹರ್ಟ್ಸ್‌ಗಳನ್ನು ಒಟ್ಟಿಗೆ ಕೊಟ್ಟರೆ, ವಿರೂಪವಿದ್ದಲ್ಲಿ ಎರಡೂ ಬೆರೆತು ಹುಟ್ಟುವ ಹೊಸ ಸ್ವರಗಳಿಂದ 600 ಮತ್ತು 1800ರಲ್ಲಿ ಬಂಡವಾಳ ಬಯಲಾಗುತ್ತದೆ. ಒಂದೇ ನಾಚ್‌ನಿಂದ ಇದು ಆಗದು.

ರೇಡಿಯೋ ಆವರ್ತನಕ್ಕೆ ಈ ಕಾರ್ಡ್ ಉಪಯೋಗವಿಲ್ಲ. ಡೇಟಾ ಲೈನ್ ಆದರೆ ಆಸಿಲೋಸ್ಕೋಪ್‌ನಲ್ಲಿ ಐ ಡಯಾಗ್ರಾಮ್ (ಬಿಟ್‌ಗಳ ಅಲೆಗಳನ್ನು ಒಂದರ ಮೇಲೊಂದು ಹಾಕಿದ, ಕಣ್ಣಿನಾಕಾರದ ಚಿತ್ರ) ನೋಡುವುದೇ ಸರಿ. ಲ್ಯಾಪ್‌ಟಾಪ್ ಹೇಗೂ ತೆರೆದೇ ಇರುವ, ಕೈಯಲ್ಲಿ ಕಾಸು ಕಡಿಮೆ ಇರುವ ನನ್ನಂಥವರು ಕಾರ್ಡ್ ಕೊಳ್ಳಿ; ಆದರೆ ಲೈನ್-ಇನ್ ಇರುವುದನ್ನೇ ನೋಡಿ ಕೊಳ್ಳಿ, ಬರೀ ಮೈಕ್ ಇನ್‌ಪುಟ್ ಇರುವುದು ಬೇಡ.