ಟಿಆರ್ ಬ್ಯಾಂಡ್: ರಕ್ತ ನಿಂತರೆ ಸಾಲದು, ನಾಡಿಯೂ ಉಳಿಯಬೇಕು

ಮಣಿಕಟ್ಟಿನಿಂದ ಆಂಜಿಯೋಗ್ರಾಂ ಮಾಡಿ ಶೀತ್ (ನಾಳದೊಳಗೆ ಇಟ್ಟಿದ್ದ ಕೊಳವೆ) ತೆಗೆದ ಮೇಲೆ, ಹೆಬ್ಬೆರಳಿನ ಕಡೆಯ ರೇಡಿಯಲ್ ರಕ್ತನಾಳದ ತೂತನ್ನು ಒತ್ತಿ ಹಿಡಿಯಲು ಟೆರುಮೋ ಕಂಪನಿಯ ಟಿಆರ್ ಬ್ಯಾಂಡ್ ಎಂಬ, ಗಾಳಿ ತುಂಬುವ ಮಣಿಕಟ್ಟಿನ ಪಟ್ಟಿ ನಿಜಕ್ಕೂ ಒಳ್ಳೆಯ ಸಾಧನ. ಗಾಜ್ ಉಂಡೆ ಇಟ್ಟು ಪ್ಲಾಸ್ಟರ್ ಬಿಗಿದರೆ ಒಳಗೇನಾಗುತ್ತಿದೆ ಎಂದು ತಿಳಿಯದು. ಇದು ಪಾರದರ್ಶಕ, ಒಂದು ಹನಿ ಜಿನುಗಿದರೂ ಕಾಣುತ್ತದೆ. ಒತ್ತಡವನ್ನೂ ಗಾಳಿಯ ಎಂಎಲ್ ಲೆಕ್ಕದಲ್ಲಿ ಏರಿಸಿ ಇಳಿಸಬಹುದು.

ಬ್ಯಾಂಡಿನ ಹಸಿರು ಗುರುತು ಚರ್ಮದ ತೂತಿನ ನೇರಕ್ಕಲ್ಲ, ಮೊಣಕೈ ಕಡೆಗೆ ಒಂದೆರಡು ಮಿ.ಮೀ. ಸರಿದು ಕೂರಬೇಕು. ಸೂಜಿ ಓರೆಯಾಗಿ ಹೋಗಿರುವುದರಿಂದ ನಾಳದ ತೂತು ಅಷ್ಟು ಮೇಲಿರುತ್ತದೆ. ಸುಮಾರು 13 ಎಂಎಲ್ ಗಾಳಿ ತುಂಬುತ್ತಾ ಶೀತ್ ಹೊರಗೆಳೆಯಿರಿ. 18 ಎಂಎಲ್ ಮೀರಬಾರದು.

ಬಹಳ ಕಡೆ ಕೆಲಸ ಇಲ್ಲಿಗೇ ಮುಗಿಯುತ್ತದೆ, ತಪ್ಪಾಗುವುದೂ ಇಲ್ಲೇ. ರಕ್ತ ಜಿನುಗುವವರೆಗೆ ಗಾಳಿಯನ್ನು ನಿಧಾನವಾಗಿ ತೆಗೆದು, ಮತ್ತೆ 1–2 ಎಂಎಲ್ ಮಾತ್ರ ತುಂಬಬೇಕು. ಬಳಿಕ ಹೆಬ್ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿ, ಕಿರುಬೆರಳಿನ ಕಡೆಯ ಅಲ್ನಾರ್ ನಾಳವನ್ನು ಒತ್ತಿ ನೋಡಿ. ಆಕ್ಸಿಮೀಟರ್ ತೆರೆಯಲ್ಲಿ ಅಲೆ ಮೂಡುತ್ತಿದ್ದರೆ ರೇಡಿಯಲ್‌ನಲ್ಲಿ ರಕ್ತ ಹರಿಯುತ್ತಿದೆ. ಗೆರೆ ಮಟ್ಟಸವಾದರೆ ಬಿಗಿ ಹೆಚ್ಚಾಗಿದೆ. ಅತಿಯಾಗಿ ಬಿಗಿದರೆ ನಾಳದೊಳಗೆ ರಕ್ತ ಹೆಪ್ಪುಗಟ್ಟಿ ಅದು ಮುಚ್ಚಿಹೋಗುತ್ತದೆ. ಅಲ್ನಾರ್ ನಾಳ ಕೈಗೆ ರಕ್ತ ಕೊಡುತ್ತಲೇ ಇರುವುದರಿಂದ ರೋಗಿಗೆ ಗೊತ್ತೇ ಆಗದಿರಬಹುದು. ಆದರೆ ಮುಂದಿನ ಆಂಜಿಯೋಪ್ಲಾಸ್ಟಿಗೆ, ಬೈಪಾಸ್‌ಗೆ, ಡಯಾಲಿಸಿಸ್ ಫಿಸ್ಟುಲಾಗೆ (ಡಯಾಲಿಸಿಸ್‌ಗಾಗಿ ಅಪಧಮನಿಗೆ ಅಭಿಧಮನಿ ಜೋಡಿಸುವುದು) ಆ ನಾಳ ಇಲ್ಲವಾಗುತ್ತದೆ. 2008ರ ಪ್ರಾಫೆಟ್ ಅಧ್ಯಯನದ 436 ರೋಗಿಗಳಲ್ಲಿ ಹೀಗೆ ಹರಿವು ಉಳಿಸಿಕೊಂಡು ಒತ್ತಿದವರ ಪೈಕಿ 24 ಗಂಟೆಯ ಹೊತ್ತಿಗೆ ನಾಳ ಮುಚ್ಚಿದ್ದು ಶೇ. 5 ಮಂದಿಗೆ, ಮಾಮೂಲಿ ಒತ್ತುವಿಕೆಯಲ್ಲಿ ಶೇ. 12. ಎರಡು ನಿಮಿಷದ ತಾಳ್ಮೆಗೆ ಇಷ್ಟು ಫಲ ಸಿಗುವುದಾದರೆ ಈ ಪರೀಕ್ಷೆ ಬಿಡಲು ನೆಪವೇ ಇಲ್ಲ.

ಸುಮಾರು ಎರಡು ಗಂಟೆಯ ನಂತರ, 15 ನಿಮಿಷಕ್ಕೊಮ್ಮೆ 2–3 ಎಂಎಲ್‌ನಂತೆ ಗಾಳಿ ಇಳಿಸುವುದು ರೂಢಿ. ರಕ್ತ ಬಂದರೆ, ತೆಗೆದಷ್ಟನ್ನೇ ಮತ್ತೆ ತುಂಬಿ ಸ್ವಲ್ಪ ಹೊತ್ತು ಕಾಯಿರಿ.

ದೊಡ್ಡ ಕೊರತೆ ಸಿರಿಂಜ್‌ನದು. ಜೊತೆಗೆ ಬರುವ ಸಿರಿಂಜ್ ಬಿಟ್ಟು ವಾರ್ಡಿನ ಮಾಮೂಲಿ ಸಿರಿಂಜ್ ಗಾಳಿ ತುಂಬುವ ಕವಾಟಕ್ಕೆ ಕೂರುವುದಿಲ್ಲ. ಜೊತೆಗೆ ಬಂದದ್ದನ್ನು ಕ್ಯಾಥ್‌ಲ್ಯಾಬ್‌ನಲ್ಲೇ (ಆಂಜಿಯೋಗ್ರಾಂ ಮಾಡುವ ಕೋಣೆ) ಮರೆತು ಬಿಡದೆ ರೋಗಿಯ ಫೈಲಿಗೆ ಅಂಟಿಸಿ, ತುಂಬಿದ ಎಂಎಲ್ ಮತ್ತು ಸಮಯ ಬರೆದು ಕಳಿಸಿ.

ಬ್ಯಾಂಡಿನಿಂದ ಮೇಲೆ, ಮುಂಗೈಯಲ್ಲಿ ಬಾವು ಏರುತ್ತಿದ್ದರೆ ಇದಕ್ಕೆ ಗಾಳಿ ತುಂಬಿ ಉಪಯೋಗವಿಲ್ಲ. ಸೋರುತ್ತಿರುವುದು ಬೇರೆ ಕಡೆ ಇರಬಹುದು. ಬಾವಿರುವ ಜಾಗವನ್ನೇ ಕೈಯಿಂದ ಒತ್ತಿ ಹಿಡಿದು ಡಾಕ್ಟರನ್ನು ಕೂಡಲೇ ಕರೆಸಿ.