ನಾಯಿಮರಿಯ ನರಕ್ಕೆ ಹುಳು ಹೊಕ್ಕ ಅನುಮಾನ: ಯಾವ ಪರೀಕ್ಷೆ ಮಾಡಿಸಲಿ?

ಸಿಡ್ನಿ, ಬ್ರಿಸ್ಬೇನ್ ಕಡೆ ಬಸವನಹುಳು ತಿನ್ನುವ ನಾಯಿಮರಿಗಳಿಗೆ ಇಲಿಯ ಶ್ವಾಸಕೋಶದ ಹುಳು ತಗಲುವುದುಂಟು. ಹಿಂಗಾಲು ಸೋಲುತ್ತದೆ, ಬೆನ್ನು ಮುಟ್ಟಿದರೆ ಕಿರುಚುತ್ತದೆ. ಇದಕ್ಕೆ ಸುಮ್ನೆ ಮಲ ಪರೀಕ್ಷೆ ಮಾಡಿಸಬೇಡಿ. ನಾಯಿಯ ಮಲದಲ್ಲಿ ಈ ಹುಳು ಕಾಣುವುದಿಲ್ಲ.

ಬೆನ್ನುಹುರಿಯ ನೀರೇ ಬೇಕು, ಅದಕ್ಕೆ ಅರಿವಳಿಕೆ ಕೊಡಬೇಕು. ಆ ನೀರಿನಲ್ಲಿ ಜೀವಕೋಶ ಎಣಿಸುವುದು ಅಗ್ಗ, ಬೇಗ. ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ ಜಾಸ್ತಿಯಿದ್ದರೆ ಬಲವಾದ ಸುಳಿವು, ಆದರೆ ಬೇರೆ ಕಾಯಿಲೆಯಲ್ಲೂ ಹಾಗಾಗುತ್ತದೆ ಅಲ್ವಾ? ಗಟ್ಟಿ ಉತ್ತರ ಬೇಕೆಂದರೆ ಪಿಸಿಆರ್ ಪರೀಕ್ಷೆ. ಅದು ಹುಳುವಿನ ಡಿಎನ್‌ಎಯನ್ನೇ ಹಿಡಿಯುತ್ತದೆ. ನೆಗೆಟಿವ್ ಬಂದರೂ ಹುಳು ಇಲ್ಲವೆಂದು ನಿರಾಳವಾಗುವಂತಿಲ್ಲ. ಎಲೈಸಾ ಎಂಬ ಪರೀಕ್ಷೆ, ಹುಳುವಿನ ವಿರುದ್ಧ ದೇಹ ಮಾಡಿಕೊಳ್ಳುವ ಪ್ರತಿಕಾಯ ಹುಡುಕುತ್ತದೆ. ಕಾಯಿಲೆ ಶುರುವಾಗಿ ಕೆಲವು ದಿನ ಕಳೆದಿದ್ದರೆ ಅದು ಉಪಯೋಗ, ತೀರ ಮೊದಲೇ ಮಾಡಿಸಿದರೆ ಕಾಯಿಲೆ ಇದ್ದರೂ ಗೊತ್ತಾಗದೆ ಹೋಗಬಹುದು.

ಅರಿವಳಿಕೆ ತಡೆಯದ ಮರಿಗೆ ಲಕ್ಷಣ ನೋಡಿಯೇ ವೈದ್ಯರು ಚಿಕಿತ್ಸೆ ಶುರು ಮಾಡುವುದೂ ಉಂಟು.