ಬಸುರಿಯಾಗಿದ್ದಾಗ ಬ್ರಾ ಕೊಳ್ಳುವಲ್ಲಿ ನನಗಾದ ತಪ್ಪು ನಿಮಗೆ ಆಗದಿರಲಿ

ಏಳನೇ ತಿಂಗಳಲ್ಲಿ ಒಂದು ರಾತ್ರಿ ಬ್ರಾ ಬಿಚ್ಚಿದಾಗ ಎಡಗಡೆ ಕಂಕುಳ ಹತ್ತಿರ ಕೈಗೆ ಒಂದು ಗಂಟು ಸಿಕ್ಕಿತು. ಹೆಬ್ಬೆರಳ ತುದಿಯಷ್ಟು ದಪ್ಪ. ಮುಟ್ಟಿದರೆ ನೋವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮನಸ್ಸು ಎಲ್ಲೆಲ್ಲಿಗೋ ಹೋಯಿತು. ಹೊಟ್ಟೆಯಲ್ಲಿ ಮಗು ಬೇರೆ ಇದೆ ಅಲ್ವಾ, ಭಯ ಎರಡರಷ್ಟಾಗುತ್ತೆ.

ಮರುದಿನ ಡಾಕ್ಟರ್ ಹತ್ತಿರ ಹೋದೆ. ಅವರು ಪರೀಕ್ಷೆ ಮಾಡಿದರು, ಸ್ಕ್ಯಾನ್ ಕೂಡ ಮಾಡಿಸಿದರು. ಗಾಬರಿಪಡುವಂಥದ್ದು ಏನೂ ಇರಲಿಲ್ಲ. ಆಮೇಲೆ ಅವರು ಕೇಳಿದ್ದು ಒಂದೇ ಮಾತು: "ಈ ಬ್ರಾ ಯಾವಾಗ ತಗೊಂಡಿದ್ದು? ಅಳತೆ ತೆಗೆದವರು ಯಾರು?"

ತಗೊಂಡಿದ್ದು ಐದನೇ ತಿಂಗಳಲ್ಲಿ. ಅಂಗಡಿಯವರು ನಾನು ಹಾಕಿದ್ದ ಬಟ್ಟೆಯ ಮೇಲೆಯೇ ಟೇಪು ಸುತ್ತಿದರು, ಅದೂ ಎದೆಯ ಕೆಳಗೆ ಒಂದೇ ಸುತ್ತು. ಮೊದಲು ಯಾವ ಸೈಜು ಅಂತ ಕೇಳಿದರು. 34ಬಿ ಅಂದೆ. "ಬಸುರಿಯಲ್ವಾ, ಒಂದು ಸೈಜು ಜಾಸ್ತಿ ಆಗಿರುತ್ತೆ" ಅಂತ 36ಬಿ ಕೈಗಿಟ್ಟರು. ಒಳಗೆ ತಂತಿ ಇದ್ದ ಬ್ರಾ. ಹಾಕಿ ನೋಡಿದೆ, ಸ್ವಲ್ಪ ಬಿಗಿ ಅನಿಸಿತು. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಅಂದರು. ನಂಬಿದೆ.

ಅದು ಸಡಿಲ ಆಗಲಿಲ್ಲ, ನಾನು ದಪ್ಪ ಆಗ್ತಾ ಹೋದೆ. ಆರನೇ ತಿಂಗಳು ದಾಟುವಾಗ ಹುಕ್ ಹಾಕಿದರೆ ಉಸಿರು ಕಟ್ಟಿದ ಹಾಗೆ ಆಗ್ತಿತ್ತು. ಹೆಗಲ ಮೇಲೆ ಪಟ್ಟಿ ಕೂತ ಕಡೆ ಹಳ್ಳ. ಎದೆಯ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು ಚರ್ಮ ಕೆಂಪಾಗಿ ಸುಲಿದಿತ್ತು. ಯಾರಿಗೆ ಹೇಳಿದರೂ ಒಂದೇ ಉತ್ತರ: "ಬಸುರಿ ಅಂದ್ಮೇಲೆ ಇದೆಲ್ಲ ಇದ್ದದ್ದೇ." ನಾನೂ ನನಗೆ ಅದನ್ನೇ ಹೇಳಿಕೊಂಡೆ. ಈ ಒಂದು ಮಾತಿನಿಂದ ನಾನು ಎರಡು ತಿಂಗಳು ಸುಮ್ನೆ ನೋವು ತಿಂದೆ. ಉಸಿರಾಟ ಕಷ್ಟ ಆಗೋದು ಬಸುರಿನಲ್ಲಿ ಇದ್ದದ್ದೇ, ನಿಜ. ಆದರೆ ಬ್ರಾ ಬಿಚ್ಚಿದ ತಕ್ಷಣ ಅದು ಸರಿಯಾದರೆ ಕಾರಣ ಬಸುರಲ್ಲ, ಬ್ರಾ.

ಹುಕ್ ಹತ್ತದೇ ಹೋದಾಗ ಎಕ್ಸ್‌ಟೆಂಡರ್ ತಂದು ಸೇರಿಸಿದೆ. ಇಲ್ಲಿ ನನಗೆ ಗೊತ್ತಾಗದೇ ಹೋದ ವಿಷಯ ಇದೆ. ಎಕ್ಸ್‌ಟೆಂಡರ್ ಹಿಂದಿನ ಪಟ್ಟಿಯನ್ನು ಮಾತ್ರ ಉದ್ದ ಮಾಡುತ್ತೆ, ಕಪ್ ದೊಡ್ಡದಾಗಲ್ಲ. ಪಕ್ಕೆಲುಬು ಅಗಲ ಆದಾಗ ಪಟ್ಟಿಗೆ ಅದು ಒಳ್ಳೆಯದೇ. ಆದರೆ ಬಸುರಿನಲ್ಲಿ ಸ್ತನವೂ ಬೆಳೆಯುತ್ತೆ, ಸುಮಾರು 16ನೇ ವಾರದಿಂದಲೇ ಒಳಗೆ ಮೊದಲ ಹಾಲು ಕೂಡಿಕೊಳ್ಳೋಕೆ ಶುರುವಾಗುತ್ತೆ. ಚಿಕ್ಕ ಕಪ್‌ನಲ್ಲಿ ಜಾಗ ಸಾಲದೆ ತಂತಿ ಎದೆಯ ಕೆಳಗಿನ ಮಡಿಕೆಯಲ್ಲಿ ಕೂರುವ ಬದಲು ಸ್ತನದ ಮೇಲೆಯೇ ಹತ್ತಿ ಕೂತಿತ್ತು. ಸ್ತನ ಕಂಕುಳವರೆಗೂ ಹಬ್ಬಿರುತ್ತೆ. ದಿನವಿಡೀ ತಂತಿಯ ತುದಿ ಒತ್ತಿದ ಜಾಗದಲ್ಲೇ ನನಗೆ ಊದಿಕೊಂಡಿತ್ತು.

ಡಾಕ್ಟರ್ ಜೊತೆಗಿದ್ದ ನರ್ಸ್ ನನ್ನನ್ನು ಕನ್ನಡಿ ಮುಂದೆ ನಿಲ್ಲಿಸಿ ಗುರುತು ತೋರಿಸಿದರು. ಬಿಲ್ಲಿನ ಹಾಗೆ ಬಾಗಿದ ಕೆಂಪು ಗೆರೆ, ಮಡಿಕೆಯಿಂದ ಒಂದು ಬೆರಳು ಮೇಲೆ, ಸ್ತನದ ಮೇಲೇ ಎದ್ದು ಕಾಣ್ತಿತ್ತು. ದಿನಾ ನೋಡ್ತಿದ್ದೆ, ಆದರೂ ಅದು ಏನು ಹೇಳ್ತಿದೆ ಅಂತ ಹೊಳೆದಿರಲಿಲ್ಲ. ಪಟ್ಟಿಯ ತೆಳು ಗುರುತು ಸ್ವಲ್ಪ ಹೊತ್ತಲ್ಲಿ ಮಾಯವಾದರೆ ಚಿಂತೆ ಇಲ್ಲ. ನನ್ನದು ಬೆಳಿಗ್ಗೆವರೆಗೂ ಹಾಗೇ ಇರ್ತಿತ್ತು.

ಅವರು ಅಲ್ಲೇ ಅಳತೆ ತೆಗೆದರು. ಮೈಗೆ ತಾಗುವ ಹಾಗೆ, ಎರಡು ಸುತ್ತು. ಮೊದಲನೆಯದು ಎದೆಯ ಕೆಳಗೆ, ಉಸಿರು ಬಿಟ್ಟು, ಟೇಪು ಹಿಂದೆ ಮುಂದೆ ಒಂದೇ ಮಟ್ಟದಲ್ಲಿ: 36 ಇಂಚು. ಎರಡನೆಯದು ಎದೆ ಜಾಸ್ತಿ ತುಂಬಿದ ಕಡೆ, ಒತ್ತದೆ, ಬಿಗಿಯದೆ: 40 ಇಂಚು. ಎರಡರ ನಡುವಿನ ಅಂತರವೇ ಕಪ್. 1 ಇಂಚು ಅಂದರೆ ಎ, 2 ಬಿ, 3 ಸಿ, 4 ಡಿ. ಅಂದರೆ ನನಗೆ ಬೇಕಿದ್ದದ್ದು 36ಡಿ. ಪಟ್ಟಿಯ ನಂಬರ್ ಸರಿ ಇತ್ತು, ಕಪ್ ಎರಡು ಸೈಜು ಚಿಕ್ಕದಿತ್ತು, ಅದಕ್ಕೇ ಪಟ್ಟಿಯೂ ಎಳೆದು ಬಿಗಿಯಾಗ್ತಿತ್ತು. ಅಂಗಡಿಯಲ್ಲಿ ಎರಡನೇ ಸುತ್ತು ಅಳೆದಿದ್ದರೆ ಇದು ಅವತ್ತೇ ಗೊತ್ತಾಗ್ತಿತ್ತು. ಇವತ್ತಿಗೂ ನನಗೆ ಆ ಒಂದು ವಿಷಯಕ್ಕೆ ಸಿಟ್ಟಿದೆ.

ತಯಾರಿಸುವವರಿಂದ ತಯಾರಿಸುವವರಿಗೆ ಅಳತೆ ಬೇರೆ ಆಗುತ್ತೆ, ಹಾಗಾಗಿ ನಂಬರ್ ನೋಡಿ ಸುಮ್ಮನಾಗಬೇಡಿ. ಹಾಕಿಕೊಂಡು ಎರಡೂ ಕೈ ಮೇಲೆತ್ತಿ. ಪಟ್ಟಿ ಮೇಲೆ ಏರಬಾರದು. ಪಟ್ಟಿಯೊಳಗೆ ಎರಡು ಬೆರಳು ಹೋಗಬೇಕು. ಕಪ್ ಮೇಲಿಂದ, ಪಕ್ಕದಿಂದ ಎದೆ ಉಕ್ಕಬಾರದು. ಭಾರ ಹೊರಬೇಕಾದ್ದು ಕೆಳಗಿನ ಪಟ್ಟಿ, ಹೆಗಲಲ್ಲ. ಬಸುರಿನ ನಡುವೆ ಕೊಳ್ಳೋದಾದರೆ ಒಳಗಿನ ಹುಕ್‌ಗೆ ಸರಿಯಾಗಿ ಕೂರುವಂಥದ್ದು ತಗೊಳ್ಳಿ, ಆಗ ಸಡಿಲ ಮಾಡ್ತಾ ಹೋಗಬಹುದು. ನಾನಂತೂ ಆಮೇಲೆ ತಂತಿ ಇಲ್ಲದ ಮೆತ್ತನೆ ಹತ್ತಿಯದ್ದನ್ನೇ ಹಾಕಿದೆ. ವಾರದೊಳಗೆ ಊತ ಇಳಿಯಿತು.

ಇನ್ನೊಂದು ತಪ್ಪೂ ಹೇಳಿಬಿಡ್ತೀನಿ. ಆರನೇ ತಿಂಗಳಲ್ಲೇ ಹಾಲೂಡಿಸುವ ಬ್ರಾ ನಾಲ್ಕು ಒಟ್ಟಿಗೆ ಕೊಂಡಿಟ್ಟಿದ್ದೆ. ಹೆರಿಗೆಯಾದ ಮೂರನೇ ದಿನ ಹಾಲು ತುಂಬಿಕೊಂಡಿತು, ನಾಲ್ಕರಲ್ಲಿ ಒಂದೂ ಆಗಲಿಲ್ಲ. ಇದನ್ನು ಕೊನೆಯ ನಾಲ್ಕೈದು ವಾರದಲ್ಲಿ ಕೊಳ್ಳಿ, ಒಂದೋ ಎರಡೋ ಸಾಕು. ಕಪ್‌ನಲ್ಲಿ ಸ್ವಲ್ಪ ಜಾಗ ಇರಲಿ. ಆಗ ಹುಕ್ ಲೆಕ್ಕ ತಿರುಗಾಮುರುಗ. ಹೊರಗಿನ, ಸಡಿಲವಾದ ಹುಕ್‌ಗೆ ಕೂರಬೇಕು, ಯಾಕಂದ್ರೆ ಹೆರಿಗೆ ಆದ್ಮೇಲೆ ಎದೆಗೂಡು ಮತ್ತೆ ಒಳಗೆ ಹೋಗುತ್ತೆ. ಹಾಲೂಡಿಸುವಾಗ ಬ್ರಾ ಬಿಗಿಯಾದರೆ ಹಾಲು ಕಟ್ಟಿಕೊಳ್ಳಬಹುದು.

ಗಂಟು ಸಿಕ್ಕಿದರೆ ಮಾತ್ರ "ಬ್ರಾ ಇರಬೇಕು ಬಿಡು" ಅಂತ ನೀವೇ ತೀರ್ಮಾನ ಮಾಡಬೇಡಿ, ತೋರಿಸಿ. ಸ್ತನ ಕೆಂಪಾಗಿ, ಬಿಸಿಯಾಗಿ, ಗಟ್ಟಿಯಾಗಿ ಜ್ವರ ಬಂದರೆ ಅವತ್ತೇ ಹೋಗಿ. ನನ್ನದು ಏನೂ ಇಲ್ಲ ಅಂತ ಆಗಿದ್ದು ಡಾಕ್ಟರ್ ನೋಡಿದ ಮೇಲೆ.

ನೀವು ಈಗ ಬಸುರಿಯಾಗಿದ್ದರೆ ಇವತ್ತು ರಾತ್ರಿ ಬ್ರಾ ಬಿಚ್ಚಿದ ಮೇಲೆ ಒಂದು ನಿಮಿಷ ಕನ್ನಡಿ ಮುಂದೆ ನಿಲ್ಲಿ. ಗೆರೆ ಮಡಿಕೆಯಲ್ಲಿದೆಯಾ, ಮೇಲಿದೆಯಾ ನೋಡಿ.